ಡೆಬಿಯನ್ ವ್ಯವಸ್ಥೆಯಲ್ಲಿ ತಂತ್ರಾಂಶ ಲೈಬ್ರರಿಗಳ ನವೀಕರಣ

ಕಂಪ್ಯೂಟರಿನ ಪರಿಭಾಷೆಯಲ್ಲಿ ‘ಲೈಬ್ರರಿ’ ಎಂದರೆ ಪುಸ್ತಕ ಭಂಡಾರವಲ್ಲ. ಹಲವು ತಂತ್ರಾಂಶಗಳು ಸಮಾನವಾಗಿ ಬಳಸಿಕೊಳ್ಳುವ ಕೋಡ್‌ನ ಸಂಗ್ರಹ. ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸುವುದು, ಕಡತಗಳನ್ನು ಕುಗ್ಗಿಸುವುದು, ಅಕ್ಷರಗಳನ್ನು ತೆರೆಯ ಮೇಲೆ ಜೋಡಿಸುವುದು ಮುಂತಾದ ಕೆಲಸಗಳಿಗೆ ಪ್ರತಿಯೊಂದು ತಂತ್ರಾಂಶವೂ ತನ್ನದೇ ಕೋಡ್ ಬರೆದುಕೊಳ್ಳುವುದಿಲ್ಲ, ಲೈಬ್ರರಿಯನ್ನು ಅವಲಂಬಿಸುತ್ತದೆ. ಇದು ಊರಿಗೆಲ್ಲ ಒಂದೇ ಬಾವಿ ಇದ್ದ ಹಾಗೆ. ಬಾವಿಯನ್ನು ಒಮ್ಮೆ ಶುಚಿಗೊಳಿಸಿದರೆ ಎಲ್ಲ ಮನೆಗಳಿಗೂ ಒಳ್ಳೆಯ ನೀರು. ಅದು ಕೆಟ್ಟರೆ ಕೇಡು ಎಲ್ಲರಿಗೂ. ಆದುದರಿಂದ ಲೈಬ್ರರಿಯ ನವೀಕರಣವೆಂದರೆ ಹೊಸ ಆವೃತ್ತಿಯನ್ನು ತಂದು ಹಾಕುವುದಷ್ಟೇ ಅಲ್ಲ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ, ಇಂದಿಗೂ ಸ್ವಯಂಸೇವಕರೇ ನಡೆಸುತ್ತಿರುವ ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ಅನುಭವ ಇದನ್ನು ಚೆನ್ನಾಗಿ ತಿಳಿಸಿಕೊಡುತ್ತದೆ.

ಹೆಸರಿನಲ್ಲಿರುವ ಅಂಕಿ

ಲೈಬ್ರರಿಯನ್ನು ಬರೆಯುವವರು ಬೇರೆ. ಅದನ್ನು ಡೆಬಿಯನ್‌ಗೆ ಹೊಂದುವಂತೆ ಪ್ಯಾಕೇಜ್ ಮಾಡಿ ನೋಡಿಕೊಳ್ಳುವ ನಿರ್ವಾಹಕರು ಬೇರೆ. ಹೊಸ ಆವೃತ್ತಿ ಬಂದಾಗ ನಿರ್ವಾಹಕರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಇದನ್ನು ನಂಬಿದ ಹಳೆಯ ತಂತ್ರಾಂಶಗಳು ಇದರೊಡನೆಯೂ ಓಡುತ್ತವೆಯೇ? ಓಡುವುದಿಲ್ಲವಾದರೆ ಪ್ಯಾಕೇಜಿನ ಹೆಸರೇ ಬದಲಾಗುತ್ತದೆ. 2021ರ ಡೆಬಿಯನ್ 11ರಲ್ಲಿ ‘ಲಿಬ್‌ಎಸ್‌ಎಸ್‌ಎಲ್ 1.1’ ಎಂದಿದ್ದುದು 2023ರ ಡೆಬಿಯನ್ 12ರಲ್ಲಿ ‘ಲಿಬ್‌ಎಸ್‌ಎಸ್‌ಎಲ್ 3’ ಆದದ್ದು ಹೀಗೆ. ಅಂತಹ ಬದಲಾವಣೆಯಾದಾಗ ಆ ಲೈಬ್ರರಿಯನ್ನು ಬಳಸುವ ತಂತ್ರಾಂಶಗಳನ್ನೆಲ್ಲ ಹೊಸದಾಗಿ ಕಂಪೈಲ್ ಮಾಡಬೇಕು, ಒಪ್ಪದವನ್ನು ತಿದ್ದಬೇಕು. ಈ ಕೆಲಸ ಮೊದಲು ನಡೆಯುವುದು ‘ಅನ್‌ಸ್ಟೇಬಲ್’ ಎಂಬ ಅಂಗಳದಲ್ಲಿ. ಅಲ್ಲಿ ಕೆಲವು ದಿನ ಕಳೆದು, ದೊಡ್ಡ ದೋಷ ಕಾಣದಿದ್ದರೆ ಪ್ಯಾಕೇಜ್ ‘ಟೆಸ್ಟಿಂಗ್’ಗೆ ಸಾಗುತ್ತದೆ. ಸುಮಾರು ಎರಡು ವರ್ಷಗಳಿಗೊಮ್ಮೆ ಆ ‘ಟೆಸ್ಟಿಂಗ್’ ಪಕ್ವಗೊಂಡು ‘ಸ್ಟೇಬಲ್’ ಎನಿಸಿಕೊಳ್ಳುತ್ತದೆ.

ತಿದ್ದುವ ಕೈಯ ಹೊಣೆ

ನಿರ್ವಾಹಕರ ತಿದ್ದುಪಡಿಯೇ ಅನರ್ಥಕ್ಕೆ ಕಾರಣವಾದದ್ದೂ ಉಂಟು. 2006ರಲ್ಲಿ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಿಂದ, ದೋಷ ಪರೀಕ್ಷಕ ಸಾಧನಗಳು ಎಚ್ಚರಿಕೆ ನೀಡುತ್ತಿದ್ದ ಸಾಲುಗಳನ್ನು ತೆಗೆದುಹಾಕಲಾಯಿತು. ಯಾರೂ ಊಹಿಸಲಾಗದ ಕೀಲಿಗಳನ್ನು ರಚಿಸಲು ಬೇಕಾದ ಯಾದೃಚ್ಛಿಕತೆ ಅದರೊಂದಿಗೇ ಹೊರಟುಹೋಯಿತು. ಉಳಿದದ್ದು ಪ್ರಕ್ರಿಯೆಯ ಕ್ರಮಸಂಖ್ಯೆ ಮಾತ್ರ. ಹೀಗಾಗಿ ಒಂದು ಬಗೆಯ ಯಂತ್ರದಲ್ಲಿ, ಒಂದು ಅಳತೆಯ ಕೀಲಿಗೆ ಹೆಚ್ಚೆಂದರೆ 32,768 ಸಾಧ್ಯತೆಗಳಷ್ಟೇ ಉಳಿದವು. ಅಷ್ಟನ್ನೂ ಮೊದಲೇ ಲೆಕ್ಕ ಹಾಕಿ ಇಟ್ಟುಕೊಳ್ಳುವುದು ಕಷ್ಟವಲ್ಲ. ಡೆಬಿಯನ್ ಈ ದೋಷವನ್ನು ಪ್ರಕಟಿಸಿದ್ದು 2008ರ ಮೇ 13ರಂದು. ಡೆಬಿಯನ್ ಆಧಾರಿತ ಉಬುಂಟು ಕೂಡ ಇದಕ್ಕೆ ತುತ್ತಾಗಿತ್ತು. ಹೊಸ ಪ್ಯಾಕೇಜ್ ಹಾಕಿಕೊಂಡ ಮಾತ್ರಕ್ಕೆ ಸಂಕಟ ಮುಗಿಯಲಿಲ್ಲ. ಆ ಅವಧಿಯಲ್ಲಿ ರಚಿಸಿದ ದುರ್ಬಲ ಕೀಲಿಗಳನ್ನೂ ಹುಡುಕಿ ಬದಲಿಸಬೇಕಾಯಿತು.

ಅಂಕಿ ಬದಲಾಗದ ದುರಸ್ತಿ

2014ರ ಏಪ್ರಿಲ್ 7ರಂದು ಅದೇ ಲೈಬ್ರರಿಯಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷ ಬಯಲಾಯಿತು. ಅಪರಿಚಿತರು ಸರ್ವರ್‌ನ ಸ್ಮೃತಿಯಿಂದ ಒಮ್ಮೆಗೆ 64 ಕಿಲೋಬೈಟ್‌ಗಳವರೆಗೆ ಮಾಹಿತಿಯನ್ನು ಕದಿಯಬಹುದಿತ್ತು. ಮೂಲ ಕರ್ತೃಗಳು 1.0.1ಜಿ ಎಂಬ ಆವೃತ್ತಿಯಲ್ಲಿ ದೋಷವನ್ನು ಸರಿಪಡಿಸಿದರು. ಆದರೆ ಆಗ ‘ಸ್ಟೇಬಲ್’ ಆಗಿದ್ದ ಡೆಬಿಯನ್ 7 ಆ ಆವೃತ್ತಿಗೆ ಹೋಗಲೇ ಇಲ್ಲ. ತನ್ನಲ್ಲಿದ್ದ 1.0.1ಇ ಆವೃತ್ತಿಗೇ ದುರಸ್ತಿಯ ಭಾಗವನ್ನಷ್ಟೇ ಅಳವಡಿಸಿ, ಹೆಸರಿನ ತುದಿಯಲ್ಲಿ ತನ್ನ ಕ್ರಮಾಂಕವನ್ನು ಸೇರಿಸಿತು. ಇದಕ್ಕೆ ‘ಬ್ಯಾಕ್‌ಪೋರ್ಟ್’ ಎನ್ನುತ್ತಾರೆ. ಅಂಕಿಯನ್ನು ಮಾತ್ರ ನೋಡಿದವರಿಗೆ ಯಂತ್ರ ಇನ್ನೂ ಅಪಾಯದಲ್ಲಿದೆ ಎನಿಸುತ್ತಿತ್ತು. ವಾಸ್ತವದಲ್ಲಿ ಅದು ಸುರಕ್ಷಿತವಾಗಿತ್ತು. ಇದರ ವಿಪರ್ಯಾಸವೂ ಸತ್ಯ: ಡಿಸ್ಕಿನಲ್ಲಿ ಲೈಬ್ರರಿ ಬದಲಾದರೂ, ಮೊದಲೇ ಓಡುತ್ತಿರುವ ಸೇವೆಗಳು ಸ್ಮೃತಿಯಲ್ಲಿರುವ ಹಳೆಯ ಪ್ರತಿಯನ್ನೇ ಬಳಸುತ್ತಿರುತ್ತವೆ. ಅವನ್ನು ಮರಳಿ ಆರಂಭಿಸುವವರೆಗೆ ದುರಸ್ತಿ ಫಲಿಸುವುದಿಲ್ಲ.

ಹೊಸತರಲ್ಲಿ ಅಡಗಿದ ವಿಷ

ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಯೋಜನೆಯಲ್ಲಿ ಒಬ್ಬ ವ್ಯಕ್ತಿ ವರ್ಷಗಟ್ಟಲೆ ದುಡಿದು ವಿಶ್ವಾಸ ಗಳಿಸಿ, 2024ರಲ್ಲಿ ಹೊರಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳದಾರಿಯೊಂದನ್ನು ಅಡಗಿಸಿಟ್ಟ. ದೂರದ ಯಂತ್ರಗಳಿಗೆ ಪ್ರವೇಶ ನೀಡುವ ಎಸ್‌ಎಸ್‌ಎಚ್ ಸೇವೆಯೇ ಅದರ ಗುರಿ. ಡೆಬಿಯನ್ ಅನ್‌ಸ್ಟೇಬಲ್ ಬಳಸುತ್ತಿದ್ದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡಿನಷ್ಟು ಹೆಚ್ಚು ಸಮಯ ಹಿಡಿಯುತ್ತಿದೆಯೆಂದು ಗಮನಿಸಿ, ಕಾರಣವನ್ನು ಬೆನ್ನಟ್ಟಿ, ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ಆ ವೇಳೆಗೆ ವಿಷ ‘ಟೆಸ್ಟಿಂಗ್’ವರೆಗೆ ಬಂದಿತ್ತು, ‘ಸ್ಟೇಬಲ್’ಗೆ ತಲುಪಿರಲಿಲ್ಲ. ಡೆಬಿಯನ್ ಹಳೆಯ ಆವೃತ್ತಿಗೆ ಮರಳಬೇಕಾಯಿತು. ಆದರೆ ಪ್ಯಾಕೇಜ್ ವ್ಯವಸ್ಥೆ ತಾನಾಗಿ ಕಡಿಮೆ ಅಂಕಿಯತ್ತ ಇಳಿಯುವುದಿಲ್ಲ. ಆದುದರಿಂದ ಹೊಸ ಪ್ಯಾಕೇಜಿಗೆ ‘5.6.1+ರಿಯಲಿ5.4.5’ ಎಂಬ ವಿಚಿತ್ರ ಅಂಕಿತ ನೀಡಿದರು: ಹೊರಗೆ 5.6.1, ಒಳಗಿರುವುದು 5.4.5.

ಬಳಕೆದಾರರಿಗೆ

ಈ ಮೂರು ಪ್ರಸಂಗಗಳನ್ನು ಒಟ್ಟಿಗಿಟ್ಟು ನೋಡಿದರೆ, ಆವೃತ್ತಿಯ ಅಂಕಿ ಸುರಕ್ಷತೆಯ ಅಳತೆಗೋಲಲ್ಲವೆಂಬುದು ಸ್ಪಷ್ಟ. ಹಾಗೆಂದು ನವೀಕರಣವನ್ನು ಮುಂದೂಡುವುದು ಜಾಣತನವಲ್ಲ; ಹಾರ್ಟ್‌ಬ್ಲೀಡ್‌ನಂತಹ ದೋಷ ಬಯಲಾದಾಗ ತಡಮಾಡಿದಷ್ಟೂ ಅಪಾಯ ಹೆಚ್ಚು. ‘ಸ್ಟೇಬಲ್’ ಬಳಸುವವರು ಭದ್ರತಾ ನವೀಕರಣಗಳನ್ನು ಕೂಡಲೇ ಪಡೆಯಬೇಕು. ಪ್ಯಾಕೇಜಿನ ಬದಲಾವಣೆಗಳ ದಾಖಲೆಯಾದ ‘ಚೇಂಜ್‌ಲಾಗ್’ ಓದಿ ಯಾವ ದೋಷ ಸರಿಹೋಗಿದೆಯೆಂದು ತಿಳಿಯಬೇಕು. ಲೈಬ್ರರಿ ಬದಲಾದ ಮೇಲೆ ಅದನ್ನು ಬಳಸುವ ಸೇವೆಗಳನ್ನು, ಯಾವುವೆಂದು ತಿಳಿಯದಿದ್ದರೆ ಯಂತ್ರವನ್ನೇ, ಮರಳಿ ಆರಂಭಿಸಬೇಕು. ಹೊಸ ಮೂಲ ಆವೃತ್ತಿಯನ್ನು ನೇರವಾಗಿ ತಂದು ಹಾಕಿಕೊಳ್ಳುವವರು ಒಂದನ್ನು ಮರೆಯಬಾರದು: ನಿರ್ವಾಹಕರು ಹೊರುತ್ತಿದ್ದ ಹೊಣೆ ಅಂದಿನಿಂದ ಅವರದೇ ಆಗುತ್ತದೆ.