ಅವ್ಯಕ್ತಗಣಿತವೂ ಹೊಯ್ಸಳರ ಕಾಲದ ಕನ್ನಡವೂ

ಕನ್ನಡ ನಾಡಿನ ಕಾಲೇಜುಗಳಲ್ಲಿ ಇಂಟರ್‌ಮೀಡಿಯೆಟ್ ಎಂಬ ಎರಡು ವರ್ಷಗಳ ತರಗತಿಯು ನಡೆಯುತ್ತಿದ್ದ ಕಾಲದಲ್ಲಿ, ಗಣಿತವನ್ನು ಐಚ್ಛಿಕವಾಗಿ ತೆಗೆದುಕೊಂಡ ವಿದ್ಯಾರ್ಥಿಯು ಬೀಜಗಣಿತವನ್ನು ದಾಟದೆ ಮುಂದೆ ಹೋಗುವಂತಿರಲಿಲ್ಲ. ವರ್ಗಸಮೀಕರಣ, ಕರಣಿ, ಶ್ರೇಢಿ, ಅಂಕಪಾಶ ಇವೇ ಅದರ ಮುಖ್ಯ ಭಾಗಗಳು. ಇವೆಲ್ಲವನ್ನೂ ಇಂಗ್ಲಿಷಿನಲ್ಲಿ ಬೋಧಿಸುತ್ತಿದ್ದುದರಿಂದ, ಹಳ್ಳಿಯಿಂದ ಬಂದ ಹುಡುಗನಿಗೆ ಶಾಸ್ತ್ರದ ಕಷ್ಟದೊಡನೆ ಭಾಷೆಯ ಕಷ್ಟವೂ ಸೇರಿ, ಬೀಜಗಣಿತವು ಹಡಗಿನಲ್ಲಿ ಬಂದಿಳಿದ ವಿದ್ಯೆಯೆಂಬ ಭಾವನೆಯುಂಟಾಯಿತು. ಈ ಭಾವನೆಯನ್ನು ಹೋಗಲಾಡಿಸಲು ಭಾಸ್ಕರಾಚಾರ್ಯನ ಹೆಸರನ್ನು ಹೇಳಿ ಸುಮ್ಮನಾಗುವುದು ವಾಡಿಕೆ. ಅಷ್ಟರಿಂದ ಪ್ರಶ್ನೆಯು ತೀರದು. ಭಾಸ್ಕರನು ಬರೆದುದು ಸಂಸ್ಕೃತದಲ್ಲಿ. ಕನ್ನಡದಲ್ಲಿಯೇ ಗಣಿತವನ್ನು ಓದಿದವನಿಗೆ ಅವ್ಯಕ್ತಗಣಿತವು ಎಷ್ಟರ ಮಟ್ಟಿಗೆ ದೊರೆಯುತ್ತಿತ್ತು ಎಂಬುದೇ ವಿಚಾರಾರ್ಹವಾದ ವಿಷಯ.

ಈ ವಿಚಾರವನ್ನು ಬೇಲೂರಿನಿಂದ ಆರಂಭಿಸುವುದು ಯುಕ್ತ. ಹೊಯ್ಸಳ ವಿಷ್ಣುವರ್ಧನನು ಕ್ರಿ.ಶ. ೧೧೧೭ರಲ್ಲಿ ಅಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠೆ ಮಾಡಿಸಿದನೆಂಬುದು ಸರ್ವವಿದಿತ. ಆ ದೇವಾಲಯದ ನಕ್ಷತ್ರಾಕೃತಿಯ ತಳವಿನ್ಯಾಸವನ್ನು ಕಂಡವರು, ಅದನ್ನು ಕಟ್ಟಿದವರಿಗೆ ಉನ್ನತವಾದ ಗಣಿತವು ತಿಳಿದಿರಬೇಕೆಂದು ಹೇಳುವುದುಂಟು. ಇದು ಅವಸರದ ಮಾತು. ಒಂದು ಚೌಕವನ್ನು ಅದರ ಮಧ್ಯಬಿಂದುವಿನ ಸುತ್ತ ಸಮಭಾಗವಾಗಿ ತಿರುಗಿಸುತ್ತ ಹೋದರೆ ನಕ್ಷತ್ರದ ಕೋನಗಳು ತಾವಾಗಿಯೇ ಮೂಡುತ್ತವೆ. ಅದಕ್ಕೆ ಗೂಟವೂ ಹಗ್ಗವೂ ಸಾಕು, ಸಮೀಕರಣವು ಬೇಡ. ಸ್ಥಪತಿಯ ಕೈಚಳಕವನ್ನು ಬೀಜಗಣಿತಕ್ಕೆ ಸಾಕ್ಷಿಯಾಗಿ ಎಳೆದು ತರುವುದರಿಂದ ಎರಡಕ್ಕೂ ಗೌರವವಿಲ್ಲ. ಸಾಕ್ಷ್ಯವನ್ನು ಗ್ರಂಥಗಳಲ್ಲಿಯೇ ಹುಡುಕಬೇಕು.

ಕನ್ನಡದಲ್ಲಿ ಗಣಿತಗ್ರಂಥಗಳನ್ನು ಬರೆದವರಲ್ಲಿ ಮೊದಲಿಗನೆಂದು ಪ್ರಸಿದ್ಧನಾದವನು ಪೂವಿನಬಾಗೆಯ ರಾಜಾದಿತ್ಯ. ಇವನು ಜೈನಕವಿ, ಇವನ ಗುರು ಶುಭಚಂದ್ರ. ವ್ಯವಹಾರಗಣಿತ, ಕ್ಷೇತ್ರಗಣಿತ, ವ್ಯವಹಾರರತ್ನ, ಜೈನಗಣಿತಸೂತ್ರಟೀಕೋದಾಹರಣ, ಚಿತ್ರಹಸುಗೆ, ಲೀಲಾವತಿ ಎಂಬ ಆರು ಗ್ರಂಥಗಳನ್ನು ಇವನ ಹೆಸರಿನಲ್ಲಿ ಹೇಳುತ್ತಾರೆ. ವಿಷ್ಣುವರ್ಧನನ ಆಸ್ಥಾನದೊಡನೆ ಇವನಿಗೆ ಸಂಬಂಧವಿತ್ತೆಂಬುದು ‘ಕರ್ಣಾಟಕ ಕವಿಚರಿತೆ’ಯ ಮೂಲಕ ರೂಢವಾದ ಅಭಿಪ್ರಾಯ. ಹಾಗಾದರೆ ಬೇಲೂರಿನಲ್ಲಿ ಉಳಿಯ ಸದ್ದು ಕೇಳುತ್ತಿದ್ದ ದಿನಗಳಲ್ಲಿಯೇ ಕನ್ನಡದ ಕಂದ ವೃತ್ತಗಳಲ್ಲಿ ಲೆಕ್ಕದ ಸೂತ್ರಗಳೂ ರೂಪುಗೊಳ್ಳುತ್ತಿದ್ದುವೆಂದಾಯಿತು.

ಈ ಆರು ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿಯು ಎದ್ದು ಕಾಣುತ್ತದೆ: ಯಾವುದರಲ್ಲಿಯೂ ‘ಬೀಜ’ವೆಂಬ ಮಾತಾಗಲಿ ‘ಅವ್ಯಕ್ತ’ವೆಂಬ ಮಾತಾಗಲಿ ಇಲ್ಲ. ಇರುವುದು ವ್ಯವಹಾರ ಮತ್ತು ಕ್ಷೇತ್ರ. ತ್ರೈರಾಶಿಕ ಪಂಚರಾಶಿಕಾದಿಗಳು, ಬಡ್ಡಿ, ಭೂಮಿಯ ಅಳತೆ ಮೊದಲಾದುವು ಈ ಮಾರ್ಗದ ವಿಷಯಗಳು. ಬೇಲೂರು ಸೀಮೆಯ ಶಾಸನಗಳಲ್ಲಿ ಗದ್ಯಾಣಗಳನ್ನು ಎಣಿಸಿ, ಗದ್ದೆಯನ್ನು ಅಳೆದು, ದೇವರ ಅಂಗಭೋಗ ರಂಗಭೋಗಗಳಿಗೆ ಹಂಚಿಕೊಟ್ಟ ಸೇನಬೋವರಿಗೂ ಸೆಟ್ಟಿಗಳಿಗೂ ಬೇಕಾಗಿದ್ದ ಗಣಿತವು ಇದೇ. ತ್ರೈರಾಶಿಕದ ಇಚ್ಛಾಫಲವೂ ಮೊದಲಿಗೆ ತಿಳಿಯದ ರಾಶಿಯೇ ಆದರೂ, ಅದಕ್ಕೆ ಸಂಕೇತವನ್ನು ಕೊಟ್ಟು ತಿಳಿದ ರಾಶಿಗಳೊಡನೆ ಸರಿಗಟ್ಟಿ ಬರೆಯುವ ಪದ್ಧತಿಯು ಅದರಲ್ಲಿಲ್ಲ. ಕರಣಿಕನ ಗಣಿತದಲ್ಲಿ ಕರಣಿಗೆ ಎಡೆಯಿಲ್ಲವೆಂದು ವಿನೋದವಾಗಿ ಹೇಳಬಹುದು.

ಆದರೆ ವ್ಯಕ್ತಗಣಿತವೆಂದ ಮಾತ್ರಕ್ಕೆ ಕೆಳಮಟ್ಟದ ಗಣಿತವೆಂದು ತಿಳಿಯಲಾಗದು. ಜೈನರ ಗಣಿತಸಂಪ್ರದಾಯಕ್ಕೆ ನಮ್ಮ ನಾಡಿನಲ್ಲಿ ಮೂಲಸ್ತಂಭವಾದುದು ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಳಿಕೆಯಲ್ಲಿ, ಸುಮಾರು ಕ್ರಿ.ಶ. ೮೫೦ರಲ್ಲಿ, ರಚಿತವಾದ ಸಂಸ್ಕೃತಗ್ರಂಥವಿದು. ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ೧೯೧೨ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದವು ೨೦೦೦ದಲ್ಲಿ ಹೊಂಬುಜದ ಜೈನಮಠದಿಂದ ಹೊರಬಂದಿತು. ಋಣರಾಶಿಯು ಸ್ವಭಾವತಃ ಯಾವುದರ ವರ್ಗವೂ ಅಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಮಹಾವೀರನು ಸ್ಪಷ್ಟವಾಗಿ ಹೇಳಿರುತ್ತಾನೆ. ಇಂತಿಷ್ಟು ವಸ್ತುಗಳಿಂದ ಇಂತಿಷ್ಟನ್ನು ಆರಿಸುವ ಭಂಗಗಳ ಸಂಖ್ಯೆಗೆ ಸಾಮಾನ್ಯಸೂತ್ರವನ್ನು ಕೊಟ್ಟಿರುವನು. ಅದೇ ಸೂತ್ರವನ್ನು ಸಾವಿರ ವರ್ಷಗಳ ಮೇಲೆ ಇಂಟರ್‌ಮೀಡಿಯೆಟ್ ವಿದ್ಯಾರ್ಥಿಯು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದನು.

ಇವುಗಳಿಗಿಂತಲೂ ಪ್ರಕೃತಕ್ಕೆ ಮುಖ್ಯವಾದುದು ಅವನ ಪ್ರಕೀರ್ಣಕ ವ್ಯವಹಾರ. ಅದರಲ್ಲಿ ಭಾಗಜಾತಿ, ಶೇಷಜಾತಿ, ಮೂಲಜಾತಿ, ಶೇಷಮೂಲಜಾತಿ ಮೊದಲಾಗಿ ಹತ್ತು ಜಾತಿಯ ಲೆಕ್ಕಗಳಿವೆ. ಮೂಲಜಾತಿಯಲ್ಲಿ ತಿಳಿಯದ ರಾಶಿಯ ಒಂದು ಅಂಶವನ್ನೂ ಅದರ ವರ್ಗಮೂಲದ ಕೆಲವು ಮಡಿಯನ್ನೂ ಕಳೆದರೆ ಉಳಿಯುವ ದೃಶ್ಯವು ಮಾತ್ರ ಹೇಳಲ್ಪಟ್ಟಿರುತ್ತದೆ, ರಾಶಿಯನ್ನು ಕಂಡುಹಿಡಿಯಬೇಕು. ವಿಧಾನವು ವಿಶದವಾಗುವುದಕ್ಕಾಗಿ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬೇಲೂರಿನ ಕೇಶವನ ಪೂಜೆಗೆ ಒಂದು ಬುಟ್ಟಿ ತಾವರೆಗಳು ಬಂದುವು. ಕಾಲುಪಾಲು ಸ್ವಾಮಿಯ ಪಾದಕ್ಕೆ ಸಂದಿತು. ಒಟ್ಟು ಹೂಗಳ ವರ್ಗಮೂಲದ ಮೂರರಷ್ಟು ಅಮ್ಮನವರ ಸನ್ನಿಧಿಗೆ ಹೋಯಿತು. ಬುಟ್ಟಿಯಲ್ಲಿ ಉಳಿದುವು ೨೪. ಹೂಗಳೆಷ್ಟು?

ಮಹಾವೀರನ ಮಾರ್ಗದಂತೆ, ಒಂದರಲ್ಲಿ ಕಾಲನ್ನು ಕಳೆದರೆ ಮುಕ್ಕಾಲು. ಮೂಲದ ಗುಣಕವಾದ ೩ನ್ನು ಮುಕ್ಕಾಲಿನಿಂದ ಭಾಗಿಸಿದರೆ ೪. ದೃಶ್ಯವಾದ ೨೪ನ್ನು ಭಾಗಿಸಿದರೆ ೩೨. ೪ರ ಅರ್ಧ ೨. ಅದರ ವರ್ಗ ೪. ಇದನ್ನು ೩೨ಕ್ಕೆ ಕೂಡಿಸಲು ೩೬. ಅದರ ಮೂಲ ೬. ಹಿಂದಿನ ಅರ್ಧವಾದ ೨ನ್ನು ಕೂಡಿಸಲು ೮. ಇದರ ವರ್ಗವಾದ ೬೪ ಹೂಗಳು. ಪಾದಕ್ಕೆ ೧೬, ಅಮ್ಮನವರಿಗೆ ೨೪, ಉಳಿದುವು ೨೪, ತಾಳೆಯಾಯಿತು. ಇದು ವರ್ಗಸಮೀಕರಣದ ಸಾಧನವೇ ಹೊರತು ಬೇರೆಯಲ್ಲ. ಅರ್ಧಮಾಡು, ವರ್ಗಮಾಡು, ಕೂಡಿಸು, ಮೂಲವನ್ನು ತೆಗೆ ಎಂಬ ಕ್ರಮವು ಕಾಲೇಜಿನ ಪುಸ್ತಕದಲ್ಲಿಯೂ ಅದೇ. ಆದರೆ ಇಲ್ಲಿ ಶಿಷ್ಯನು ಆಜ್ಞೆಗಳನ್ನು ಪಾಲಿಸುತ್ತಾನೆ. ಕಾರಣವು ಅವನ ಕಣ್ಣಿಗೆ ಬೀಳುವುದಿಲ್ಲ.

ಅದೇ ಲೆಕ್ಕವನ್ನು ಭಾಸ್ಕರನ ಬೀಜಗಣಿತದ ರೀತಿಯಲ್ಲಿ ಮಾಡಿದರೆ ಭೇದವು ತಿಳಿಯುವುದು. ತಿಳಿಯದ ಮೂಲವನ್ನು ‘ಯಾವತ್ತಾವತ್’ ಎಂದು ಹೆಸರಿಸಿ, ಸಂಕ್ಷೇಪವಾಗಿ ‘ಯಾ’ ಎಂದು ಬರೆಯಬೇಕು. ಒಂದಕ್ಕಿಂತ ಹೆಚ್ಚು ಅವ್ಯಕ್ತಗಳಿದ್ದರೆ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರುಗಳು. ಋಣಕ್ಕೆ ಮೇಲೊಂದು ಬಿಂದು. ಇಲ್ಲಿ ‘ಯಾ’ದ ವರ್ಗದ ಮುಕ್ಕಾಲಿನಲ್ಲಿ ಮೂರು ‘ಯಾ’ವನ್ನು ಕಳೆದರೆ ೨೪, ಮುಕ್ಕಾಲಿನಿಂದ ಭಾಗಿಸಲು, ‘ಯಾ’ವರ್ಗದಲ್ಲಿ ನಾಲ್ಕು ‘ಯಾ’ವನ್ನು ಕಳೆದರೆ ೩೨. ಶ್ರೀಧರಾಚಾರ್ಯನ ಸೂತ್ರದಂತೆ ಎರಡು ಪಕ್ಷಗಳನ್ನೂ ನಾಲ್ಕರಿಂದ ಗುಣಿಸಿ ೧೬ನ್ನು ಕೂಡಿಸಿದರೆ, ಒಂದು ಪಕ್ಷವು ‘ಎರಡು ಯಾ ಋಣ ನಾಲ್ಕು’ ಎಂಬುದರ ವರ್ಗ, ಇನ್ನೊಂದು ೧೪೪. ಮೂಲವನ್ನು ತೆಗೆಯಲು ೧೨, ‘ಯಾ’ ಎಂಟು, ಹೂಗಳು ೬೪. ವರ್ಗಕ್ಕೂ ರೂಪಕ್ಕೂ ನಡುವೆ ನಿಂತು ತೊಡಕನ್ನು ಮಾಡುತ್ತಿದ್ದ ಮಧ್ಯಮಪದವನ್ನು ಹೋಗಲಾಡಿಸುವುದರಿಂದ ಇದಕ್ಕೆ ‘ಮಧ್ಯಮಾಹರಣ’ವೆಂದು ಹೆಸರು. ಮಧ್ಯಮ ತರಗತಿಯ ಬೀಜಗಣಿತಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು. ಶ್ರೀಧರನ ಬೀಜಗ್ರಂಥವು ನಷ್ಟವಾಗಿ, ಈ ಸೂತ್ರವು ಭಾಸ್ಕರನು ಉದಾಹರಿಸಿದ್ದರಿಂದ ಉಳಿದಿದೆ. ಭಾಸ್ಕರನೂ ಲೀಲಾವತಿಯಲ್ಲಿ ಇಂತಹ ಲೆಕ್ಕಗಳನ್ನು ವ್ಯಕ್ತರೀತಿಯಲ್ಲಿ ಸಾಧಿಸಿ, ಬೀಜಗಣಿತದಲ್ಲಿ ಅವುಗಳಲ್ಲಿ ಕೆಲವನ್ನು ಮತ್ತೆ ಅವ್ಯಕ್ತರೀತಿಯಲ್ಲಿ ತೋರಿಸಿರುತ್ತಾನೆ. ಅಂದರೆ ಒಂದೇ ಶಿಷ್ಯನು ಎರಡು ಮೆಟ್ಟಿಲುಗಳನ್ನೂ ಹತ್ತಬೇಕೆಂಬುದು ಅವನ ಉದ್ದೇಶ. ಕನ್ನಡದ ಶಿಷ್ಯನು ಮೊದಲನೆಯ ಮೆಟ್ಟಿಲಿನಲ್ಲಿ ನಿಂತುದೇಕೆ?

ಇಲ್ಲಿ ರಾಜಾದಿತ್ಯನ ಕಾಲನಿರ್ಣಯವು ಬಹು ಮುಖ್ಯವಾಗುತ್ತದೆ. ಭಾಸ್ಕರನು ಶಕ ೧೦೩೬ರಲ್ಲಿ, ಅಂದರೆ ಕ್ರಿ.ಶ. ೧೧೧೪ರಲ್ಲಿ, ಹುಟ್ಟಿ, ಮೂವತ್ತಾರನೆಯ ವಯಸ್ಸಿನಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದನು. ಬೇಲೂರಿನ ಪ್ರತಿಷ್ಠೆಯ ಕಾಲಕ್ಕೆ ಅವನು ಮೂರು ವರ್ಷದ ಶಿಶು. ರಾಜಾದಿತ್ಯನ ಗುರುವನ್ನು, ಗಂಗರಾಜನ ಗುರುವಾಗಿದ್ದು ೧೧೨೩ರಲ್ಲಿ ಗತಿಸಿದ ಶುಭಚಂದ್ರಸಿದ್ಧಾಂತದೇವನೆಂದು ಹಿಡಿದರೆ, ಕವಿಯ ಕಾಲವು ಸುಮಾರು ೧೧೨೦. ಆಗ ಅವನ ಲೀಲಾವತಿಯು ಭಾಸ್ಕರನ ಲೀಲಾವತಿಗಿಂತ ಮೊದಲಿನದಾಗಿ, ಅವನು ಭಾಸ್ಕರನ ಬೀಜಗಣಿತವನ್ನು ಕಂಡಿರುವ ಸಂಭವವೇ ಇಲ್ಲ. ಅವನನ್ನು ಆ ಶತಮಾನದ ಕೊನೆಯ ಭಾಗಕ್ಕೆ, ಅಂದರೆ ವೀರಬಲ್ಲಾಳನ ಕಾಲಕ್ಕೆ, ತರುವ ವಿದ್ವಾಂಸರೂ ಇದ್ದಾರೆ. ಆಗ ಲೀಲಾವತಿಯೆಂಬ ಹೆಸರು ಭಾಸ್ಕರನಿಂದ ಬಂದುದೆಂದು ಹೇಳುವುದು ಸುಲಭ; ಆದರೆ ಹೆಸರನ್ನು ತೆಗೆದುಕೊಂಡವನು ಬೀಜವನ್ನು ಏಕೆ ಬಿಟ್ಟನೆಂಬ ಪ್ರಶ್ನೆಯು ಏಳುತ್ತದೆ. ಶುಭಚಂದ್ರನೆಂಬ ಹೆಸರು ಜೈನಾಚಾರ್ಯರಲ್ಲಿ ವಿರಳವಲ್ಲವಾದುದರಿಂದ ಗುರುವಿನ ಹೆಸರೊಂದರ ಮೇಲೆಯೇ ಕಾಲವನ್ನು ನಿಲ್ಲಿಸುವುದು ದುರ್ಬಲವಾದ ಆಧಾರ. ಲೀಲಾವತಿಯೆಂಬ ಹೆಸರಿನ ಸಾಮ್ಯವೂ ಅಷ್ಟೇ ದುರ್ಬಲ. ಕನ್ನಡ ಕವಿಗಳಿಗೆ ಆ ಹೆಸರು ಪ್ರಿಯವಾದುದೆಂಬುದಕ್ಕೆ ನೇಮಿಚಂದ್ರನ ಲೀಲಾವತಿಪ್ರಬಂಧವೇ ಸಾಕ್ಷಿ.

ಯಾವ ಕಾಲವನ್ನು ಒಪ್ಪಿದರೂ, ಬೀಜವು ಕನ್ನಡಕ್ಕೆ ಬಾರದಿದ್ದುದಕ್ಕೆ ಕೇವಲ ಅಜ್ಞಾನವು ಕಾರಣವಾಗಲಾರದು. ಭಾಸ್ಕರನಿಗಿಂತ ಐದು ಶತಮಾನಗಳ ಹಿಂದೆಯೇ, ೬೨೮ರಲ್ಲಿ, ಬ್ರಹ್ಮಗುಪ್ತನು ವರ್ಗಸಮೀಕರಣವನ್ನು ನಿರೂಪಿಸಿದ್ದನು. ಛಂದಸ್ಸು ಅಡ್ಡವಾಯಿತೆಂದೂ ಹೇಳುವಂತಿಲ್ಲ. ಸಂಕೇತಗಳನ್ನು ಕಂದಪದ್ಯದಲ್ಲಿ ಹೊಂದಿಸುವುದು ಕಷ್ಟವೆಂಬುದು ನಿಜವಾದರೂ, ಸಂಸ್ಕೃತದಲ್ಲಿಯೂ ಸೂತ್ರವು ಪದ್ಯ, ನ್ಯಾಸವು ಗದ್ಯ. ಪದ್ಯಗದ್ಯಗಳನ್ನು ಬೆರೆಸಿ ಬರೆದು ಪಳಗಿದ ಕನ್ನಡಕ್ಕೆ ಅದು ಭಾರವಾಗುತ್ತಿರಲಿಲ್ಲ. ನಿಜವಾದ ಕಾರಣವನ್ನು ಓದುಗರಲ್ಲಿ ನೋಡಬೇಕು. ಬೀಜವು ಬೇಕಾಗಿದ್ದುದು ಗ್ರಹಗಣಿತವನ್ನು ಮಾಡುವ ಜ್ಯೋತಿಷಿಗೆ, ಅವನು ಸಂಸ್ಕೃತಜ್ಞ. ಕನ್ನಡದಲ್ಲಿ ಗಣಿತವನ್ನು ಬಯಸಿದವನು ವ್ಯವಹಾರಿ. ಅವನಿಗೆ ಉತ್ತರವು ಬೇಕು, ಉಪಪತ್ತಿಯು ಬೇಡ. ಆಂಧ್ರದೇಶದಲ್ಲಿ ಪಾವುಲೂರಿ ಮಲ್ಲನನು ತೆಲುಗಿಗೆ ತರಲು ಆರಿಸಿಕೊಂಡುದೂ ಮಹಾವೀರನ ಸಾರಸಂಗ್ರಹವನ್ನೇ. ದೇಶಭಾಷೆಗಳಿಗೆ ಬಂದುದು ಹೀಗೆ ವ್ಯಕ್ತವೇ. ಅವ್ಯಕ್ತವು ಮಠಗಳಲ್ಲಿ ಉಳಿಯಿತು. ಭಾಸ್ಕರನ ಮೊಮ್ಮಗನಾದ ಚಾಂಗದೇವನು, ಯಾದವ ಸಿಂಘಣನ ಜ್ಯೋತಿಷಿಯಾಗಿದ್ದು, ತಾತನ ಗ್ರಂಥಗಳ ವ್ಯಾಖ್ಯಾನಕ್ಕಾಗಿಯೇ ಒಂದು ಮಠವನ್ನು ಸ್ಥಾಪಿಸಿದ ಸಂಗತಿಯನ್ನು ಖಾನದೇಶದ ಪಾಟಣದ ಶಾಸನವು ತಿಳಿಸುತ್ತದೆ. ೧೨೦೭ರ ಸುಮಾರಿನ ಈ ಮಠಕ್ಕೆ ನಿಕುಂಭವಂಶದ ಸಾಮಂತರು ದತ್ತಿಯನ್ನು ಬಿಟ್ಟರು. ಸಿಂಘಣನ ರಾಜ್ಯದಲ್ಲಿ ಕನ್ನಡ ಮಾತನಾಡುವ ಸೀಮೆಗಳು ಬಹಳವಿದ್ದುವು. ಆದರೂ ಅಲ್ಲಿ ಓದಿದವರಲ್ಲಿ ಒಬ್ಬನಾದರೂ ‘ಯಾ ಕಾ ನೀ’ಗಳನ್ನು ಕನ್ನಡದಲ್ಲಿ ಬರೆದನೆಂದು ಕಾಣಬರುವುದಿಲ್ಲ.

ಹೀಗಾಗಿ ೧೮೧೭ರಲ್ಲಿ ಕೋಲ್‌ಬ್ರೂಕನು ಬ್ರಹ್ಮಗುಪ್ತ ಭಾಸ್ಕರರ ಬೀಜವನ್ನು ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದಾಗ, ಅದು ಕನ್ನಡಕ್ಕಿಂತ ಮೊದಲು ಇಂಗ್ಲಿಷನ್ನು ಸೇರಿದಂತಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಬೆಳ್ಳಾವೆ ವೆಂಕಟನಾರಣಪ್ಪನವರು ೧೯೧೮ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿ ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ಹೇಳಲು ತೊಡಗಿದರು. ಆಗ ಗಣಿತದ ಪರಿಭಾಷೆಗೆ ಕೊರತೆಯಿರಲಿಲ್ಲ. ಸಮೀಕರಣ, ಕರಣಿ, ಧನ, ಋಣ, ವರ್ಗಮೂಲ ಎಲ್ಲವೂ ಸಿದ್ಧವಾಗಿಯೇ ಇದ್ದುವು. ಇಂಟರ್‌ಮೀಡಿಯೆಟ್ ಎಂಬ ಹೆಸರಿನ ತರಗತಿಯು ಈಗ ಇಲ್ಲ. ವರ್ಗಸಮೀಕರಣವು ಪ್ರೌಢಶಾಲೆಗೆ ಇಳಿದು, ಹತ್ತನೆಯ ತರಗತಿಯ ಕನ್ನಡ ಪಠ್ಯಪುಸ್ತಕದಲ್ಲಿ ಬೇಲೂರಿನ ಹುಡುಗರೂ ಓದುವ ಪಾಠವಾಗಿದೆ.  ಅವ್ಯಕ್ತದ ಸ್ಥಾನದಲ್ಲಿ ಮಾತ್ರ ‘ಯಾ’ ಇಲ್ಲ. ರೋಮನ್ ಲಿಪಿಯ ಎಕ್ಸ್ ಎಂಬ ಅಕ್ಷರವಿದೆ.