ಆರು ವೋಲ್ಟಿನ ಕಿಡಿ

ಹೋದ ದೀಪಾವಳಿಗೆ ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಒಂದು ಹೊಸ ಇಗ್ನಿಷನ್ ಕಾಯಿಲ್ ಇಟ್ಕೊಂಡಿದ್ದೆ. ಆನ್‌ಲೈನಲ್ಲಿ ತರಿಸಿದ್ದು. ಮೇಲೆ ‘12 ವೋಲ್ಟ್, ಹೆವಿ ಡ್ಯೂಟಿ’ ಅಂತ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅಪ್ಪನ 1983ರ ಯೆಜ್ಡಿ ಆರು ತಿಂಗಳಿಂದ ಹಿಂಸೆ ಕೊಡ್ತಿತ್ತು. ತಣ್ಣಗಿದ್ದಾಗ ಶುರುವಾಗುತ್ತೆ, ಬಿಸಿಯಾದ ಮೇಲೆ ನಿಲ್ಲುತ್ತೆ, ಅರ್ಧ ಗಂಟೆ ಆರಿದ ಮೇಲೆ ಮತ್ತೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಶುರುವಾಗುತ್ತೆ. ಕಾಯಿಲ್ ಹೋದಾಗ ಆಗೋದೇ ಹೀಗೆ. ಗುಜರಿಯವನು ಎರಡು ಸಲ ಬಂದು ರೇಟು ಕೇಳಿ ಹೋಗಿದ್ದ. ಅಪ್ಪನೂ ಸುಮಾರಾಗಿ ಒಪ್ಪಿದ್ದರು.

ಹಳೆಯದು ಆರು ವೋಲ್ಟಿನ ಕಾಯಿಲ್. ಹನ್ನೆರಡು ಹಾಕಿದರೆ ಕಿಡಿ ಎರಡು ಪಟ್ಟು ಆಗುತ್ತೆ ಅಂತ ನನ್ನ ಲೆಕ್ಕ. ಬಿಇ ಓದಿದವನ ಲೆಕ್ಕ ಇದು, ನೆನಪಿರಲಿ. ಹಾಕಿದೆ, ಎರಡನೇ ಕಿಕ್‌ಗೇ ಶುರುವಾಯ್ತು. ಸಂಜೆ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಕೊಟ್ಟೂರಿಗೆ ಹೋಗಿ ಬರೋಣ ಅಂತ ಹೊರಟೆ. ಹೋಗುವಾಗ ಏನೂ ಆಗಲಿಲ್ಲ. ಬರುವಾಗ ಕತ್ತಲಾಗಿತ್ತು, ಹೆಡ್‌ಲೈಟ್ ಹಾಕಿದೆ. ನಾಕು ಕಿಲೋಮೀಟರ್‌ನಲ್ಲಿ ಗಾಡಿ ಕೆಮ್ಮೋಕೆ ಶುರು ಮಾಡಿ, ಒಂದು ಮೆಕ್ಕೆಜೋಳದ ಹೊಲದ ಪಕ್ಕ ನಿಂತೇ ಹೋಯ್ತು. ಎಪ್ಪತ್ತು ದಾಟಿದ ಅಪ್ಪ ಹಿಂದಿನಿಂದ ತಳ್ಳಿದರು. ನಾನು ಹ್ಯಾಂಡಲ್ ಹಿಡಿದು ಬಾಯಿ ಮುಚ್ಚಿಕೊಂಡು ನಡೆದೆ.

ಮರುದಿನ ಹಗರಿಬೊಮ್ಮನಹಳ್ಳಿಯ ಮೇಸ್ತ್ರಿ ಕಾಕಾ ಪ್ಲಗ್ ಬಿಚ್ಚಿ, ಸಿಲಿಂಡರಿನ ರೆಕ್ಕೆಗೆ ತಾಗಿಸಿ ಕಿಕ್ಕರ್ ಒತ್ತಿದರು. ಕಿಡಿ ಬಂತು, ಆದರೆ ಕೆಂಪಗೆ, ಎಳೆದಂಗೆ. “ನೋಡು ತಮ್ಮಾ, ಕಿಡಿ ನೀಲಿ ಇರಬೇಕು, ಚಟ್ ಅನಬೇಕು. ಇದು ಬೀಡಿ ಬೆಂಕಿ ಇದ್ದಂಗ ಐತಿ. ಕಾಯಿಲ್ ಹೊಸದೈತಿ ಖರೆ, ಈ ಗಾಡೀದಲ್ಲ” ಅಂದರು. ಯಾಕೆ ಅಂತ ಕೇಳಿದರೆ, “ಹನ್ನೆರಡಿಂದು ಆರಕ್ಕ ಹಾಕಿದ್ರ ಹಂಗಾ” ಅಂದು ಚಾ ಕುಡಿಯೋಕೆ ಹೋದರು. ಆ ‘ಹಂಗಾ’ ಅನ್ನೋದರ ಹಿಂದೆ ಏನಿದೆ ಅಂತ ಹುಡುಕ್ತಾ ಹೋದಾಗ ಸಿಕ್ಕಿದ್ದು ಈ ಚರಿತ್ರೆ.

ಕಾಯಿಲ್ ಅನ್ನೋದು ಕಬ್ಬಿಣದ ತಿರುಳಿನ ಮೇಲೆ ಸುತ್ತಿದ ಎರಡು ತಂತಿ, ಅಷ್ಟೇ. ಒಂದು ದಪ್ಪ ತಂತಿ, ಕೆಲವು ನೂರು ಸುತ್ತು. ಇನ್ನೊಂದು ಕೂದಲಿನಂಥದ್ದು, ಹತ್ತಾರು ಸಾವಿರ ಸುತ್ತು. ದಪ್ಪ ತಂತಿಯಲ್ಲಿ ಹರಿಯೋ ಕರೆಂಟನ್ನು ಗಕ್ಕನೆ ಕಡಿದರೆ ಸಣ್ಣ ತಂತಿಯಲ್ಲಿ ಸಾವಿರಾರು ವೋಲ್ಟ್ ಎದ್ದು ಪ್ಲಗ್‌ನಲ್ಲಿ ಕಿಡಿಯಾಗುತ್ತೆ. ಇದರ ಮೂಲರೂಪವನ್ನು 1836ರಲ್ಲಿ ಮಾಡಿದ್ದು ಐರ್ಲೆಂಡಿನ ಮೇನೂತ್‌ನಲ್ಲಿ ಪಾಠ ಹೇಳ್ತಿದ್ದ ನಿಕೊಲಸ್ ಕ್ಯಾಲನ್ ಅನ್ನೋ ಪಾದ್ರಿ. ಬ್ಯಾಟರಿ, ಕಾಯಿಲ್, ಪಾಯಿಂಟ್ ಮೂರನ್ನೂ ಸೇರಿಸಿ ಕಾರಿಗೆ ಒಗ್ಗುವ ಹಾಗೆ ಮಾಡಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್, 1910ರ ಆಸುಪಾಸಿನಲ್ಲಿ. ಕರೆಂಟ್ ಕಡಿಯೋ ಕೆಲಸ ಪಾಯಿಂಟಿನದು. ನಮ್ಮ ಕಡೆ ಅದನ್ನ ಪ್ಲಾಟಿನ ಅಂತಾರೆ. ಅಪ್ಪನ ಯೆಜ್ಡಿಯಲ್ಲಿ ಇರೋದು ಅದೇ ಕೆಟರಿಂಗನ ಪದ್ಧತಿ, ಕೂದಲೆಳೆಯಷ್ಟೂ ಬದಲಾಗಿಲ್ಲ.

ಬದಲಾಗಿದ್ದು ವೋಲ್ಟ್. ಅಮೆರಿಕದ ಕಾರುಗಳೂ ಬಹಳ ಕಾಲ ಆರು ವೋಲ್ಟಿನಲ್ಲೇ ಓಡ್ತಿದ್ದವು. ಆಮೇಲೆ ದೊಡ್ಡ ವಿ-8 ಇಂಜಿನ್‌ಗಳು ಬಂದವು. 1955ರಲ್ಲಿ ಷೆವ್ರೊಲೆ ತನ್ನ ಹೊಸ ವಿ-8 ಜೊತೆಗೇ 12 ವೋಲ್ಟಿಗೆ ಹೋಯ್ತು. 1964ರಲ್ಲಿ ಪಾಂಟಿಯಾಕ್ ಜಿಟಿಒ ಬಂದ ಮೇಲೆ ‘ಮಸಲ್ ಕಾರ್’ ಭರಾಟೆ ಶುರುವಾಯ್ತು. ಬರೀ ಷೋಕಿಗೆ ಆದ ಬದಲಾವಣೆ ಅಲ್ಲ ಅದು. ಎಂಟು ಸಿಲಿಂಡರಿನ ಫೋರ್ ಸ್ಟ್ರೋಕ್ ಇಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗಿದರೆ ಒಂದೇ ಕಾಯಿಲ್ 20,000 ಕಿಡಿ ಕೊಡಬೇಕು. ಅಂದರೆ ಒಂದು ಕಿಡಿಗೆ ಸಿಗೋದು ಬರೀ 3 ಮಿಲಿಸೆಕೆಂಡು. ಕಾಯಿಲ್‌ನಲ್ಲಿ ಕರೆಂಟ್ ಏರೋಕೆ ಸ್ವಲ್ಪ ಹೊತ್ತು ಬೇಕು, ಹೊಲದ ಪೈಪಿನ ನೀರು ಬದುವಿನ ತುದಿ ಮುಟ್ಟಿದ ಹಾಗೆ. ಆರು ವೋಲ್ಟಿನ ನೂಕು ಅಷ್ಟು ಅವಸರಕ್ಕೆ ಸಾಲಲಿಲ್ಲ.

ಅವರಿಗೆ ಇನ್ನೊಂದು ತಾಪತ್ರಯ ಇತ್ತು. ಅಷ್ಟು ದೊಡ್ಡ ಇಂಜಿನ್ನನ್ನು ಸೆಲ್ಫ್ ಸ್ಟಾರ್ಟರ್ ತಿರುಗಿಸುವಾಗ 12 ವೋಲ್ಟಿನ ಬ್ಯಾಟರಿ 9ಕ್ಕೋ 10ಕ್ಕೋ ಕುಸಿಯುತ್ತೆ. ಕಿಡಿ ಬೇಕಾದ ಹೊತ್ತಿಗೇ ಕಿಡಿ ಸೊರಗುತ್ತೆ. ಅದಕ್ಕೆ ಒಂದು ಉಪಾಯ ಮಾಡಿದರು. ಕಡಿಮೆ ವೋಲ್ಟಿಗೇ ಜೋರಾಗಿ ಕೆಲಸ ಮಾಡೋ ಕಾಯಿಲ್ ಹಾಕಿ, ಅದರ ದಾರಿಯಲ್ಲಿ ಬ್ಯಾಲಾಸ್ಟ್ ಅನ್ನೋ ಒಂದು ರೆಸಿಸ್ಟರ್ ಇಟ್ಟರು. ಸ್ಟಾರ್ಟ್ ಮಾಡುವಾಗ ಕರೆಂಟ್ ಬ್ಯಾಲಾಸ್ಟನ್ನು ಬಳಸಿಕೊಂಡು ನೇರ ಕಾಯಿಲಿಗೆ ಹೋಗುತ್ತೆ, ಇಂಜಿನ್ ಓಡೋಕೆ ಹತ್ತಿದ ಮೇಲೆ ಬ್ಯಾಲಾಸ್ಟಿನ ಮೂಲಕ ಹೋಗುತ್ತೆ. ಇವತ್ತಿಗೂ ಹಳೇ ಮಸಲ್ ಕಾರ್ ಸರಿ ಮಾಡೋರು ಕಾಯಿಲ್ ಕೊಳ್ಳುವಾಗ ಮೊದಲು ನೋಡೋದು, ಗಾಡಿಯಲ್ಲಿ ಬ್ಯಾಲಾಸ್ಟ್ ಇದೆಯೋ ಇಲ್ಲವೋ ಅನ್ನೋದನ್ನ. ಬ್ಯಾಲಾಸ್ಟ್ ಇಲ್ಲದ ಗಾಡಿಗೆ ಆ ಕಾಯಿಲ್ ಹಾಕಿದರೆ ಪಾಯಿಂಟ್ ಸುಟ್ಟು ಕರಕಲು.

ಈಗ ಮೈಸೂರಿಗೆ ಬನ್ನಿ. ಜೆಕ್ ದೇಶದ ಜಾವಾ ಕಂಪನಿ ಶುರುವಾಗಿದ್ದು 1929ರಲ್ಲಿ. ಯಾನೆಚೆಕ್ ಅನ್ನೋ ಉದ್ಯಮಿ ವಾಂಡರರ್ ಅನ್ನೋ ಜರ್ಮನ್ ಕಂಪನಿಯ ಬೈಕ್ ವಿನ್ಯಾಸ ಕೊಂಡ, ಎರಡು ಹೆಸರಿನ ಮೊದಲಕ್ಷರಗಳು ಸೇರಿ ಜಾವಾ ಆಯ್ತು. ಇರಾನಿ ಕುಟುಂಬದ ಐಡಿಯಲ್ ಜಾವಾ 1961ರಲ್ಲಿ ಯಾದವಗಿರಿಯ ಕಾರ್ಖಾನೆಯಲ್ಲಿ ಬೈಕ್ ಮಾಡೋಕೆ ಶುರು ಮಾಡ್ತು. ಉದ್ಘಾಟಿಸಿದ್ದು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯ್ತು. 250 ಸಿಸಿ, ಟು ಸ್ಟ್ರೋಕ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ಕರೇ ಗೇರ್ ಲಿವರ್. ನಮ್ಮ ಭಾಗದಲ್ಲಿ ಇದಕ್ಕಿಂತ ದೊಡ್ಡ ಮಸಲ್ ಬೇಕಾಗಿರಲಿಲ್ಲ. ಎರಡು ಚೀಲ ಈರುಳ್ಳಿ, ಮೇಲೊಬ್ಬ ಮನುಷ್ಯ, ಏರು ದಾರಿ, ಎಲ್ಲದಕ್ಕೂ ‘ಬಡ್ ಬಡ್’ ಅಂತ ಹೋಗ್ತಿತ್ತು.

ಅಮೆರಿಕ ಆರು ವೋಲ್ಟ್ ಬಿಟ್ಟು ದಶಕಗಳಾದ ಮೇಲೂ ಅಪ್ಪನ ಗಾಡಿ ಅದರಲ್ಲೇ ಯಾಕಿತ್ತು? ಹಿಂದುಳಿದಿದ್ದಕ್ಕೆ ಅಂತ ನಾನು ಅಂದುಕೊಂಡಿದ್ದೆ. ಪೂರ್ತಿ ಸರಿಯಲ್ಲ. ಅದೇ ಲೆಕ್ಕ ಹಾಕಿ ನೋಡಿ. ಒಂದು ಸಿಲಿಂಡರಿನ ಟು ಸ್ಟ್ರೋಕ್ ಇಂಜಿನ್ 5000 ಸುತ್ತು ತಿರುಗಿದರೆ ನಿಮಿಷಕ್ಕೆ 5000 ಕಿಡಿ. ಒಂದು ಕಿಡಿಗೆ 12 ಮಿಲಿಸೆಕೆಂಡು, ಜಿಟಿಒಗೆ ಸಿಗೋದರ ನಾಕು ಪಟ್ಟು. ಸೆಲ್ಫ್ ಸ್ಟಾರ್ಟರ್ ಇಲ್ಲ, ಕಾಲೇ ಸ್ಟಾರ್ಟರ್. ಹಾಗಾಗಿ ಬ್ಯಾಟರಿ ಕುಸಿಯೋ ಪ್ರಶ್ನೆಯೂ ಇಲ್ಲ, ಬ್ಯಾಲಾಸ್ಟೂ ಬೇಡ. ಕಿಡಿಯ ಮಟ್ಟಿಗೆ ಆರು ವೋಲ್ಟ್ ಧಾರಾಳ ಸಾಕಿತ್ತು. ಹೆಡ್‌ಲೈಟಿನ ಬೆಳಕಿಗೆ ಸಾಲ್ತಿರಲಿಲ್ಲ, ಅದು ಬೇರೆ ಮಾತು. ರಾತ್ರಿ ಯೆಜ್ಡಿ ಓಡಿಸಿದವರೆಲ್ಲ ಅರ್ಧ ದಾರಿಯನ್ನು ನೆನಪಿನ ಮೇಲೇ ಓಡಿಸಿದವರು.

ಈಗ ನನ್ನ ತಪ್ಪಿಗೆ ಬರ್ತೀನಿ. ಕಾಯಿಲ್‌ಗೆ ಮುಖ್ಯ ಅದರ ಮೇಲೆ ಬರೆದ ವೋಲ್ಟ್ ಅಲ್ಲ, ದಪ್ಪ ತಂತಿಯ ಓಮ್. ಆರು ವೋಲ್ಟಿನ ಕಾಯಿಲ್ ಸುಮಾರು ಒಂದೂವರೆ ಓಮ್, ಬ್ಯಾಲಾಸ್ಟ್ ಬೇಡದ 12 ವೋಲ್ಟಿನದು ಸುಮಾರು 3 ಓಮ್. ಆರನ್ನು ಒಂದೂವರೆಯಿಂದ ಭಾಗಿಸಿದರೆ 4 ಆಂಪಿಯರ್. ಹನ್ನೆರಡನ್ನು ಮೂರರಿಂದ ಭಾಗಿಸಿದರೂ 4. ಪಾಯಿಂಟ್ ತಾಳಿಕೊಳ್ಳೋದೂ ಹೆಚ್ಚು ಕಡಿಮೆ ಅಷ್ಟನ್ನೇ. ನಾನು 3 ಓಮಿನದನ್ನು ಆರು ವೋಲ್ಟಿಗೆ ಹಾಕಿದ್ದೆ, ಸಿಕ್ಕಿದ್ದು 2 ಆಂಪಿಯರ್. ಕಿಡಿಯ ಶಕ್ತಿ ಕರೆಂಟಿನ ವರ್ಗದ ಮೇಲೆ ನಿಲ್ಲುತ್ತೆ, ಅಂದರೆ ಕರೆಂಟ್ ಅರ್ಧವಾದರೆ ಶಕ್ತಿ ಕಾಲುಭಾಗ. ಎರಡು ಪಟ್ಟು ಮಾಡ್ತೀನಿ ಅಂತ ಹೋಗಿ ಕಾಲು ಮಾಡಿದ್ದೆ. ಹಗಲು ಹೇಗೋ ಓಡ್ತು. ಹೆಡ್‌ಲೈಟ್ ತನ್ನ ಪಾಲು ಎಳೆದುಕೊಂಡು ವೋಲ್ಟ್ ಇನ್ನಷ್ಟು ಇಳಿದ ಮೇಲೆ ಅಪ್ಪ ತಳ್ಳಬೇಕಾಯ್ತು.

ಎಂಬತ್ತರ ದಶಕದ ಕೊನೆಯಿಂದ ಈಚೆಗೆ ಹೆಚ್ಚಾದ ಸಿಡಿಐ ಬೈಕುಗಳ ಕಾಯಿಲ್ ಇನ್ನೂ ಮೋಸ. ನೋಡೋಕೆ ಪುಟ್ಟದು, ಅಗ್ಗ, ಎಲ್ಲಾ ಅಂಗಡಿಯಲ್ಲೂ ಸಿಗುತ್ತೆ. ಆದರೆ ಅದು ಕೆಪ್ಯಾಸಿಟರಿನಿಂದ ಒಮ್ಮೆಲೇ ಬೀಳೋ ನೂರಾರು ವೋಲ್ಟಿಗಾಗಿ ಮಾಡಿದ್ದು, ಓಮ್ ಒಂದಕ್ಕಿಂತ ಕಡಿಮೆ. ಪಾಯಿಂಟ್ ಇರೋ ಗಾಡಿಗೆ ಹಾಕಿದರೆ ಪಾಯಿಂಟಿನ ಶ್ರಾದ್ಧ. ಬೋಲ್ಟ್ ಕೂತರೆ, ವೈರ್ ಹೊಂದಿದರೆ ಕಾಯಿಲ್ ಹೊಂದಿತು ಅಂತಲ್ಲ. ಕೋಡ್ ಕಂಪೈಲ್ ಆಯ್ತು ಅಂದಮಾತ್ರಕ್ಕೆ ಸರಿಯಾಗಿ ಓಡುತ್ತೆ ಅಂತ ನಾವ್ಯಾರೂ ನಂಬಲ್ಲವಲ್ಲ.

ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಬೇರೆ ಕಂಪನಿಯಿಂದ ವಾಪಸು ಬಂದವು, ಆದರೆ ಅವು ಫೋರ್ ಸ್ಟ್ರೋಕ್ ಗಾಡಿಗಳು. ಅಪ್ಪನ ಬೈಕಿಗೆ ಅವುಗಳಿಂದ ಒಂದು ನಟ್ಟೂ ದಕ್ಕಲ್ಲ. ಹಾಗಾಗಿ ಹುಡುಕಾಟ ಹಳೇ ಸಾಮಾನಿನ ರಾಶಿಯಲ್ಲೇ. ಮೇಸ್ತ್ರಿ ಕಾಕಾ ತಮ್ಮ ತಗಡಿನ ಡಬ್ಬದಿಂದ ಮೂರು ಕಾಯಿಲ್ ತೆಗೆದು ಮುಂದಿಟ್ಟರು. ಒಂದು ಹಳೇ ಬುಲೆಟ್‌ನದು, ಒಂದರ ಅಕ್ಷರ ಅಳಿಸಿತ್ತು, ಇನ್ನೊಂದು ಯಾವುದೋ ಕಾರಿನದು, ಮೇಲೆ 12 ವೋಲ್ಟ್ ಅಂತಿತ್ತು. ನಾನು ಮಲ್ಟಿಮೀಟರ್ ತೆಗೆದೆ. ಮೊದಲು ಅದರ ಎರಡು ಮುಳ್ಳನ್ನೂ ಒಂದಕ್ಕೊಂದು ತಾಗಿಸಿ ವೈರಿನದೇ ಓಮ್ ಎಷ್ಟು ಅಂತ ನೋಡಿ ಅದನ್ನ ಕಳೀಬೇಕು, ಇಲ್ಲದಿದ್ದರೆ ಇಷ್ಟು ಸಣ್ಣ ಅಳತೆ ತಪ್ಪುತ್ತೆ. ಬುಲೆಟ್‌ನದು ಒಳಗೇ ಕಡಿದು ಹೋಗಿತ್ತು. ಅಕ್ಷರ ಅಳಿಸಿದ್ದು 3.1. ಕಾರಿನದು 1.5.

ಆಗ ತಲೆಗೆ ಹೊಳೆಯಿತು. ಅದು ಬ್ಯಾಲಾಸ್ಟ್ ಜೊತೆ ಬಳಸೋ ಕಾಯಿಲ್. ಹೆಸರಿಗೆ ಹನ್ನೆರಡು, ಗುಣದಲ್ಲಿ ಆರರ ಹತ್ತಿರ. ಅಮೆರಿಕದ ದೊಡ್ಡ ಇಂಜಿನ್‌ಗಳಿಗೆ ಮಾಡಿದ್ದ ಅದೇ ಉಪಾಯ ಹಗರಿಬೊಮ್ಮನಹಳ್ಳಿಯ ಡಬ್ಬದಲ್ಲಿ ಎಣ್ಣೆ ಮೆತ್ತಿಕೊಂಡು ಕೂತಿತ್ತು. “ಇದು ನಡಿತೈತಿ ಅಂತ ನಿಮಗ ಗೊತ್ತಿತ್ತಾ ಕಾಕಾ?” ಅಂದೆ. “ಒಬ್ಬರ ಗಾಡಿಗೆ ಹಾಕೀನಪಾ, ಇವತ್ತಿಗೂ ಓಡಾಡತೈತಿ. ಯಾಕಂತ ನನಗ ಗೊತ್ತಿಲ್ಲ” ಅಂದರು. ಪ್ಲಾಟಿನ ಉಜ್ಜಿ, ಗ್ಯಾಪ್ 0.4 ಮಿಲಿಮೀಟರಿಗೆ ಇಟ್ಟು, ಕಂಡೆನ್ಸರ್ ಹೊಸದು ಹಾಕಿದರು. ಕಂಡೆನ್ಸರ್ ಹಳೇದಿದ್ದರೆ ಎಂಥ ಕಾಯಿಲ್ ಹಾಕಿದರೂ ವ್ಯರ್ಥ. ಕಿಕ್ಕರ್ ಒತ್ತಿದರು. ಚಟ್. ನೀಲಿ.

ಮಾಲವಿ ಡ್ಯಾಮಿನವರೆಗೆ ಹೋಗಿ, ಬೇಕಂತಲೇ ಕತ್ತಲಾಗೋವರೆಗೆ ಕಾದು, ಹೆಡ್‌ಲೈಟ್ ಹಾಕಿಕೊಂಡು ವಾಪಸು ಬಂದೆ. ಒಂದು ಸಲವೂ ಕೆಮ್ಮಲಿಲ್ಲ. ಮನೆ ಮುಂದೆ ಇಂಜಿನ್ ನಿಲ್ಲಿಸಿ, ಖುಷಿಯಲ್ಲಿ ಕೀ ಹಾಗೇ ಬಿಟ್ಟು ಒಳಗೆ ಹೊರಟಿದ್ದೆ. ಇಂಜಿನ್ ನಿಂತಾಗ ಪಾಯಿಂಟ್ ಮುಚ್ಚಿದ್ದರೆ ಕರೆಂಟ್ ಹರೀತಾನೇ ಇರುತ್ತೆ, ಕಾಯಿಲ್ ಸುಟ್ಟುಹೋಗೋದು ಹೆಚ್ಚಾಗಿ ಹೀಗೇ. ಅಪ್ಪ ಕಟ್ಟೆ ಮೇಲಿಂದ ಏಳದೇ ಕೂಗಿದರು:

“ಏ, ಮೊದಲ ಕೀ ತಗಿ. ಕಾಯಿಲ್ ಕಾಯ್ತತಿ. ನಾಳೆ ನಾನು ಸಂತಿಗೆ ಹೋಗಬೇಕು.”