ಅಡಿಗೆಯ ಮನೆಯಲ್ಲಿ ದೇವರ ಸನ್ನಿಧಿ

ಮನುಷ್ಯನು ದೇವರಿಗೆ ಸಮೀಪನಾಗುವುದು ಎಲ್ಲಿ? ಕ್ರೈಸ್ತ ಮತದ ಚರಿತ್ರೆಯು ಈ ಪ್ರಶ್ನೆಗೆ ಒಂದೇ ಉತ್ತರವನ್ನು ಕೊಟ್ಟಿಲ್ಲ. ಮೂರನೆಯ ಶತಮಾನದಲ್ಲಿ ಈಜಿಪ್ಟಿನ ಅಂತೋನಿಯು ಆಸ್ತಿಯನ್ನು ದಾನಮಾಡಿ ಮರುಭೂಮಿಯನ್ನು ಹೊಕ್ಕನು. ಆರನೆಯ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟನು ಮಠಕ್ಕೆ ನಿಯಮವನ್ನು ರಚಿಸಿ, ದಿನವನ್ನು ಪ್ರಾರ್ಥನೆ, ವ್ಯಾಸಂಗ, ದೇಹಶ್ರಮಗಳಿಗೆ ಹಂಚಿಕೊಟ್ಟನು. ಸ್ಪೇನಿನ ಆವಿಲಾದ ತೆರೇಸಳು 1577ರಲ್ಲಿ ಆತ್ಮವನ್ನು ಏಳು ನಿಲಯಗಳುಳ್ಳ ಕೋಟೆಗೆ ಹೋಲಿಸಿ, ಸಾಧಕನು ಒಳಗೊಳಗೆ ಸಾಗುವ ಬಗೆಯನ್ನು ವರ್ಣಿಸಿದಳು.

ಈ ಮಾರ್ಗಗಳೆಲ್ಲವೂ ಪೂಜ್ಯವಾದುವೇ. ಆದರೆ ಇವನ್ನು ಕೇಳಿದಾಗ ಸಂಸಾರದ ಕೆಲಸಗಳಲ್ಲಿ ಮುಳುಗಿರುವ ನಮಗೆ ಒಂದು ಸಂದೇಹವು ಹುಟ್ಟದಿರದು. ಮೌನವಾಗಲಿ ಏಕಾಂತವಾಗಲಿ ಬಿಡುವಾಗಲಿ ಇಲ್ಲದವನ ಗತಿ ಏನು? ದೈವಸಾನ್ನಿಧ್ಯವು ಬಿಡುವುಳ್ಳವರ ಸ್ವತ್ತೇ? ಈ ಸಂದೇಹಕ್ಕೆ ಉತ್ತರವನ್ನು ಕೊಟ್ಟವನು ಹದಿನೇಳನೆಯ ಶತಮಾನದ ಪ್ಯಾರಿಸ್ ನಗರದಲ್ಲಿ ಅಡಿಗೆಯ ಕೆಲಸದಲ್ಲಿದ್ದ ಒಬ್ಬ ಕುಂಟ ಸಂನ್ಯಾಸಿ.

ಆತನ ಹುಟ್ಟುಹೆಸರು ನಿಕೊಲಾ ಎರ್ಮಾ. ಲೊರೇನ್ ಪ್ರಾಂತದ ಎರಿಮೆನಿಲ್ ಎಂಬ ಹಳ್ಳಿಯಲ್ಲಿ, 1614ರ ಸುಮಾರಿನಲ್ಲಿ, ಸಾಮಾನ್ಯರ ಮನೆಯಲ್ಲಿ ಜನಿಸಿದವನು. ಹದಿನೆಂಟರ ಪ್ರಾಯದಲ್ಲಿ, ಒಂದು ಚಳಿಗಾಲದ ದಿನ, ಎಲೆಯುದುರಿ ಬೋಳಾಗಿದ್ದ ಮರವನ್ನು ಕಂಡನು. ಕೆಲವು ದಿನಗಳಲ್ಲಿಯೇ ಇದು ಚಿಗುರುವುದು, ಹೂವಾಗುವುದು, ಕಾಯಾಗುವುದು ಎಂಬ ಭಾವನೆಯು ಮನಸ್ಸಿಗೆ ಬಂದೊಡನೆ ದೇವರ ಶಕ್ತಿ, ಕರುಣೆಗಳ ಅರಿವು ಆತನಲ್ಲಿ ಆಳವಾಗಿ ನಾಟಿತು. ನಾಲ್ವತ್ತು ವರ್ಷಗಳ ಮೇಲೆಯೂ, ಅಂದು ಹುಟ್ಟಿದ ಪ್ರೀತಿಯು ಹೆಚ್ಚಿತೋ ಇಲ್ಲವೋ ತನಗೆ ಹೇಳಲು ಬಾರದೆಂದು ಆತನು ಒಪ್ಪಿಕೊಳ್ಳುತ್ತಿದ್ದನು.

ಆದರೆ ಈ ಅನುಭವವು ಆತನನ್ನು ನೇರವಾಗಿ ಮಠಕ್ಕೆ ಒಯ್ಯಲಿಲ್ಲ. ಅದು 1618ರಿಂದ 1648ರವರೆಗೆ ಯೂರೋಪನ್ನು ಸುಟ್ಟ ಮೂವತ್ತು ವರ್ಷಗಳ ಯುದ್ಧದ ಕಾಲ. ನಿಕೊಲಾ ಸಿಪಾಯಿಯಾದನು, ಗೂಢಚಾರನೆಂಬ ಶಂಕೆಗೆ ಗುರಿಯಾಗಿ ಸೆರೆಸಿಕ್ಕಿದನು, ಮುಂದೆ ಸ್ವೀಡನ್ನಿನ ಸೈನ್ಯದೊಡನೆ ನಡೆದ ಕಾಳಗದಲ್ಲಿ ಗಾಯಗೊಂಡನು. ಅನಂತರ ಪ್ಯಾರಿಸಿನ ಒಬ್ಬ ದೊಡ್ಡ ಅಧಿಕಾರಿಯ ಮನೆಯಲ್ಲಿ ಆಳಾಗಿ ನಿಂತು, ಮುಟ್ಟಿದ್ದನ್ನೆಲ್ಲ ಒಡೆಯುವ ಒಡ್ಡನೆಂದು ತನ್ನನ್ನೇ ಹಾಸ್ಯಮಾಡಿಕೊಂಡನು. ಕಡೆಗೆ 1640ರಲ್ಲಿ, ವೊಜಿರಾರ್ ಬೀದಿಯಲ್ಲಿದ್ದ ಬರಿಗಾಲಿನ ಕಾರ್ಮೆಲೈಟರ ಮಠವನ್ನು ಸೇರಿದನು. ಇದು ತೆರೇಸಳ ಸುಧಾರಣೆಯಿಂದಲೇ ಹುಟ್ಟಿದ ಸಂಘ. ಆತನಿಗೆ ಲಾರೆನ್ಸ್ ಎಂಬ ಹೊಸ ಹೆಸರಾಯಿತು. ದೊರೆತ ಸ್ಥಾನ ಮಾತ್ರ ಗುರುವಿನದಲ್ಲ, ಮನೆಗೆಲಸ ಮಾಡುವ ಸೇವಕ ಸೋದರನದು.

ಮಠದವರು ಆತನಿಗೆ ಅಡಿಗೆಯ ಕೆಲಸವನ್ನು ವಹಿಸಿದರು. ಸ್ವಭಾವತಃ ಆತನಿಗೆ ಅದರಲ್ಲಿ ಬಹಳ ಜುಗುಪ್ಸೆ. ಆದರೂ ಸುಮಾರು ಹದಿನೈದು ವರ್ಷ ಅದನ್ನು ಮಾಡಿದನು. ಮುಂದೆ ಕಾಲಿನ ಬಾಧೆಯಿಂದ ನಿಲ್ಲಲಾರದೆ, ಕುಳಿತು ಪಾದರಕ್ಷೆಗಳನ್ನು ಹೊಲಿಯುವ ಕೆಲಸವನ್ನು ಹಿಡಿದನು. ಒಮ್ಮೆ ದ್ರಾಕ್ಷಾರಸವನ್ನು ಕೊಳ್ಳಲು ಬರ್ಗಂಡಿಗೆ ಹೋದಾಗ, ಕುಂಟುಕಾಲಿನಿಂದ ದೋಣಿಯಲ್ಲಿ ನಡೆಯಲಾರದೆ ಪೀಪಾಯಿಗಳ ಮೇಲೆ ಉರುಳುತ್ತ ಸಾಗಬೇಕಾಯಿತಂತೆ.

ಇಂಥವನ ಸಾಧನೆ ಏನು? ಬಹು ಸರಳವಾದುದು. ದೇವರು ಸದಾ ಬಳಿಯಲ್ಲಿರುವನೆಂದು ಮನಸ್ಸಿಗೆ ತಂದುಕೊಳ್ಳುವುದು. ಮಾಡುವ ಕೆಲಸ ಎಷ್ಟು ಅಲ್ಪವಾಗಿದ್ದರೂ ಅವನ ಪ್ರೀತಿಗಾಗಿ ಮಾಡುವುದು. ನಡುನಡುವೆ ಅವನೊಡನೆ ಒಳಗೇ ಒಂದೆರಡು ಮಾತನ್ನಾಡುವುದು. ಮನಸ್ಸು ಅಲೆದರೆ ಕಳವಳಪಡದೆ ಮೆಲ್ಲನೆ ಹಿಂದಕ್ಕೆ ಕರೆತರುವುದು. ಪ್ರಾರ್ಥನೆಯ ಹೊತ್ತು ಬೇರೆ, ಕೆಲಸದ ಹೊತ್ತು ಬೇರೆ ಎಂಬ ಭೇದವು ಆತನಿಗೆ ಉಳಿಯಲಿಲ್ಲ. ಯುದ್ಧದಲ್ಲಿದ್ದ ಒಬ್ಬ ಸೈನಿಕನಿಗೂ ಆತನ ಸಲಹೆ ಇದೇ: ಕತ್ತಿ ಹಿಡಿದು ನಡೆಯುವಾಗಲೂ ಕ್ಷಣಕಾಲ ಹೃದಯವನ್ನು ಮೇಲಕ್ಕೆತ್ತಿದರೆ ಸಾಕು.

ಸರಳವೆಂದ ಮಾತ್ರಕ್ಕೆ ಸುಲಭವೆಂದು ನಾವು ತಿಳಿಯಬಾರದು. ಮಠಕ್ಕೆ ಬಂದ ಮೊದಲ ಹತ್ತು ವರ್ಷ ಆತನು ಬಹಳವಾಗಿ ನೊಂದನು. ತಾನು ನರಕಕ್ಕೇ ಗುರಿಯೆಂಬ ನಂಬಿಕೆಯು ನಾಲ್ಕು ವರ್ಷ ಆತನನ್ನು ಕಾಡಿತು. ಆತನು ಅದನ್ನು ತರ್ಕದಿಂದ ಗೆಲ್ಲಲಿಲ್ಲ. ಉದ್ಧಾರವಾಗಲಿ, ನಾಶವಾಗಲಿ, ಬದುಕಿರುವವರೆಗೆ ದೇವರ ಪ್ರೀತಿಗಾಗಿಯೇ ಬಾಳುವೆನೆಂದು ನಿಶ್ಚಯಿಸಿದನು. ಆ ನಿಶ್ಚಯದ ತರುವಾಯ ಕಳವಳವು ಕಳೆಯಿತು.

ಜೋಸೆಫ್ ದ ಬೋಫೋರ್ ಎಂಬ ಗುರುವು 1666ರಿಂದ ಈತನೊಡನೆ ಸಂಭಾಷಿಸಿ, ಕೇಳಿದುದನ್ನು ಬರೆದಿಟ್ಟನು. ಲಾರೆನ್ಸನು 1691ರ ಫೆಬ್ರವರಿ 12ರಂದು ತೀರಿಕೊಂಡನು. 1692ರಲ್ಲಿಯೂ 1694ರಲ್ಲಿಯೂ ಆತನ ಪತ್ರಗಳು, ಸೂಕ್ತಿಗಳು, ಸಂಭಾಷಣೆಗಳು ಅಚ್ಚಾದುವು.

ಆದರೆ ಆ ಕಾಲವು ಇಂಥ ಪುಸ್ತಕಗಳಿಗೆ ಅಪಾಯದ ಕಾಲವಾಗಿದ್ದಿತು. ಆತ್ಮವು ಏನನ್ನೂ ಮಾಡದೆ ದೇವರಲ್ಲಿ ನಿಶ್ಚಲವಾಗಿದ್ದರೆ ಸಾಕೆಂಬ ಬೋಧೆಗಾಗಿ ಮೊಲಿನೋಸನ 68 ವಾಕ್ಯಗಳನ್ನು ಪೋಪ್ ಹನ್ನೊಂದನೆಯ ಇನ್ನೊಸೆಂಟನು 1687ರಲ್ಲಿ ಖಂಡಿಸಿದ್ದನು. ಫ್ರಾನ್ಸಿನಲ್ಲಿ ಬೊಸ್ಸುಯೆ, ಫೆನೆಲೋನ್ ಎಂಬ ಇಬ್ಬರು ಮಹಾಪಂಡಿತ ಬಿಷಪ್ಪರು ಈ ವಿಷಯದಲ್ಲಿಯೇ ಕಾದಾಡಿದರು. ಸ್ವಂತ ಉದ್ಧಾರದ ಆಸೆಯನ್ನೂ ಬಿಟ್ಟ ಪ್ರೀತಿಯು ಸಾಧ್ಯವೇ, ಯುಕ್ತವೇ ಎಂಬುದು ಅವರ ವಿವಾದ. ಲಾರೆನ್ಸನನ್ನು ಕಣ್ಣಾರೆ ಕಂಡಿದ್ದ ಫೆನೆಲೋನನು ತನ್ನ ಪಕ್ಷಕ್ಕೆ ಆತನ ಸಾಕ್ಷ್ಯವನ್ನು ಕರೆದನು. 1699ರಲ್ಲಿ ರೋಮ್ ಫೆನೆಲೋನನ ಗ್ರಂಥದ 23 ವಾಕ್ಯಗಳನ್ನು ಖಂಡಿಸಿತು, ಫೆನೆಲೋನನು ತಲೆಬಾಗಿದನು.

ಖಂಡನೆಗೆ ಕಾರಣವಿಲ್ಲದಿರಲಿಲ್ಲ. ದೇವರಲ್ಲಿ ಲೀನನಾದೆನೆಂಬ ಹೆಸರಿನಲ್ಲಿ ಕರ್ತವ್ಯವನ್ನೂ ನೀತಿಯನ್ನೂ ಕೈಬಿಡುವವರು ಹುಟ್ಟಬಹುದೆಂಬ ಭಯವು ನಿಜವಾದುದೇ. ಆದರೆ ಈ ಭಯವು ಲಾರೆನ್ಸನಿಗೆ ಅನ್ವಯಿಸುವುದೇ? ಆತನ ನಿಶ್ಚಲತೆಯು ಪಾತ್ರೆಗಳ ಸದ್ದಿನ ನಡುವೆ ಇದ್ದಿತು. ಬೆಳಗಿನ ಬೇಳೆ ಬೇಯಲಿಲ್ಲವಾದರೆ ಮಠವು ಹಸಿದಿರಬೇಕಾಗಿತ್ತು. ಕೆಲಸವನ್ನು ಬಿಟ್ಟು ದೇವರನ್ನು ಸೇರಬೇಕೆಂಬ ಪ್ರಶ್ನೆಯೇ ಆತನಿಗೆ ಏಳಲಿಲ್ಲ. ಕೆಲಸವೇ ಸೇರುವ ದಾರಿಯಾಗಿದ್ದಿತು. ಪಂಡಿತರ ವಿವಾದಕ್ಕೆ ಸೋದರನ ಕೈಗಳೇ ಉತ್ತರವಾಗಿದ್ದುವೆಂದು ನಮಗೆ ತೋರುತ್ತದೆ.

ಈ ಚಿಕ್ಕ ಪುಸ್ತಕವು ಕ್ಯಾಥೊಲಿಕರ ಎಲ್ಲೆಯನ್ನು ದಾಟಿ ಪ್ರೊಟೆಸ್ಟೆಂಟರ ಕೈಗೂ ಬಂದಿತು. ಇಂಗ್ಲೆಂಡಿನ ಜಾನ್ ವೆಸ್ಲಿಯು ತನ್ನ ಅನುಯಾಯಿಗಳಿಗಾಗಿ ಪ್ರಕಟಿಸಿದ ಗ್ರಂಥಮಾಲೆಯಲ್ಲಿ ಅದರ ಭಾಗಗಳನ್ನು ಸೇರಿಸಿದನು. ಒಂದೇ ಕ್ರಿಸ್ತನ ಹೆಸರಿನಲ್ಲಿ ಪರಸ್ಪರ ರಕ್ತವನ್ನು ಹರಿಸಿದ್ದ ಎರಡು ಪಂಗಡಗಳು ಒಬ್ಬ ಅಡಿಗೆಯವನ ಮಾತಿಗೆ ಕಿವಿಗೊಟ್ಟುವೆಂಬುದು ಸಾಮಾನ್ಯ ಸಂಗತಿಯಲ್ಲ.

ಆತನ ಮಠಕ್ಕೆ ಶಾಂತಿಯು ಶಾಶ್ವತವಾಗಲಿಲ್ಲ. 1792ರ ಸೆಪ್ಟೆಂಬರಿನಲ್ಲಿ, ಫ್ರಾನ್ಸಿನ ಮಹಾಕ್ರಾಂತಿಯ ಉದ್ರೇಕದಲ್ಲಿ, ಅಲ್ಲಿ ಸೆರೆಯಲ್ಲಿಟ್ಟಿದ್ದ ನೂರಕ್ಕೂ ಹೆಚ್ಚು ಮಂದಿ ಪಾದ್ರಿಗಳ ಕೊಲೆಯಾಯಿತು. ಅದರ ಚರ್ಚು ಇಂದಿಗೂ ನಿಂತಿದೆ. ಆದರೆ ಲಾರೆನ್ಸನು ಕಟ್ಟಡಗಳನ್ನು ನಂಬಿದವನಲ್ಲ. ದೇವರಿಗೆ ಸಮೀಪವಾಗಲು ದೂರ ಹೋಗಬೇಕಾಗಿಲ್ಲ, ಕೈಯಲ್ಲಿರುವ ಕೆಲಸವನ್ನು ಯಾರಿಗಾಗಿ ಮಾಡುತ್ತಿದ್ದೇವೆಂಬುದನ್ನು ಮರೆಯದಿದ್ದರೆ ಸಾಕು ಎಂಬುದು ಆತನ ಬಾಳಿನ ಅರ್ಥ. ಮರೆತರೆ ಮರಳಿ ನೆನೆಯುವುದು; ಮತ್ತೆ ಮರೆತರೆ ಮತ್ತೆ ನೆನೆಯುವುದು. ಇದಕ್ಕೆ ಬಿಡುವು ಬೇಕಿಲ್ಲ. ಆದುದರಿಂದಲೇ ನಮಗೆ ನೆಪವೂ ಉಳಿಯುವುದಿಲ್ಲ.